ಗ್ರಿಲ್ಲಿನ ಚಾವಿ ಎಲ್ಲಿದೆ?



ಹಾರ್ಟ್ ಡಾಕ್ಟರಿಗೆ ಬೆಂಕಿಯ ಉಸಾಬರಿ ಯಾಕೆ ಎಂದು ನಿಮಗೆ ಅನಿಸಬಹುದು. ಕಾರಣ ನನ್ನ ಒಬ್ಬ ಪೇಶೆಂಟ್. ಊರು ವಿಜಯಪುರದ ಕಡೆ. ಹರೆಯದಲ್ಲೇ ಮುಂಬೈಗೆ ಬಂದು ಅಗ್ನಿಶಾಮಕ ದಳ ಸೇರಿ, ಮೂವತ್ತು ವರ್ಷಕ್ಕೂ ಹೆಚ್ಚು ದುಡಿದು ರಿಟೈರ್ ಆದವರು. ಆಮೇಲೆ ಎರಡೇ ವರ್ಷಕ್ಕೆ ಹಾರ್ಟ್ ಅಟ್ಯಾಕ್ ಆಗಿ ಎರಡು ಸ್ಟೆಂಟ್ ಹಾಕಬೇಕಾಯಿತು. ಮೂರು ತಿಂಗಳಿಗೊಮ್ಮೆ ಚೆಕಪ್‌ಗೆ ಬರುತ್ತಾರೆ. ಇಸಿಜಿ, ಬಿಪಿ ನೋಡಲು ಹತ್ತು ನಿಮಿಷ ಸಾಕು. ಆದರೆ ಕನ್ನಡದ ಡಾಕ್ಟರ್ ಸಿಕ್ಕ ಖುಷಿಗೆ ಅವರೂ, ಕತೆ ಕೇಳುವ ಆಸೆಗೆ ನಾನೂ ಅರ್ಧ ಗಂಟೆ ಕೂತುಬಿಡುತ್ತೇವೆ. ಹೊರಗೆ ಕಾಯುವವರು ಬೈಯುವುದು ನನಗೆ ಗೊತ್ತು.

ಕಳೆದ ಸಲ ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: "ಡಾಕ್ಟರ್ ಸಾಹೇಬ್ರ, ನಿಮ್ಮ ಮನಿ ಗ್ರಿಲ್ಲಿನ ಚಾವಿ ಎಲ್ಲೈತಿ?"

ನನಗೆ ಗೊತ್ತಿರಲಿಲ್ಲ. ನಾವಿರುವುದು ಆರನೇ ಮಹಡಿ. ಕಿಟಕಿಗಳಿಗೆಲ್ಲ ಕಬ್ಬಿಣದ ಗ್ರಿಲ್. ಅದರಲ್ಲಿ ಒಂದು ಚಿಕ್ಕ ಬಾಗಿಲು, ಅದಕ್ಕೊಂದು ಬೀಗ. ಮನೆ ತೆಗೆದುಕೊಂಡಾಗ ಹಾಕಿದ್ದು. ಚಾವಿ ಯಾವ ಡ್ರಾಯರಿನಲ್ಲಿದೆಯೋ! ಹಗಲು ನಾವಿಬ್ಬರೂ ಕೆಲಸಕ್ಕೆ, ಮಕ್ಕಳು ಸ್ಕೂಲಿಗೆ. ಮನೆಯಲ್ಲಿ ಊರಿಂದ ಬಂದ ನನ್ನ ತಾಯಿ ಒಬ್ಬರೇ. ಕಳ್ಳರ ಭಯಕ್ಕೆ ಸೇಫ್ಟಿ ಡೋರನ್ನೂ ಒಳಗಿನಿಂದ ಲಾಕ್ ಮಾಡಿಕೊಂಡಿರುತ್ತಾರೆ. ನನ್ನ ಮುಖ ನೋಡಿ ಅವರು ವಾಪಸು ಬಂದು ಕುರ್ಚಿಯಲ್ಲಿ ಕೂತರು. ಅಂದು ಅವರು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ, ಹೆಸರು ಮಾತ್ರ ಬೇಡ ಎಂದರು.

ಅವರ ನೆನಪಿನಲ್ಲಿ ಉಳಿದುಬಿಟ್ಟದ್ದು ಒಂದು ನಾಲ್ಕನೇ ಮಹಡಿಯ ಮನೆ. ಬೆಂಕಿ ಹತ್ತಿದ್ದು ಹಾಲಿನಲ್ಲಿ. ವಯಸ್ಸಾದ ಗಂಡ ಹೆಂಡತಿ ಬೆಡ್‌ರೂಮಿನ ಕಿಟಕಿಗೆ ಬಂದು ಗ್ರಿಲ್ ಹಿಡಿದು ಕೂಗುತ್ತಿದ್ದರು. ಏಣಿ ಬಂತು, ಇವರು ಹತ್ತಿದರು. ಕೈಗೆ ಕೈ ತಾಗುವಷ್ಟು ಹತ್ತಿರ. ನಡುವೆ ಬೀಗ. ಚಾವಿ ಅಡುಗೆಮನೆಯಲ್ಲಿತ್ತಂತೆ. ಗ್ರಿಲ್ ಕತ್ತರಿಸಿ ಒಳಗೆ ಹೋಗುವಷ್ಟರಲ್ಲಿ ಇಬ್ಬರೂ ಕೆಳಗೆ ಬಿದ್ದಿದ್ದರು. ಅಜ್ಜಿ ಉಳಿದರು, ಅಜ್ಜ ಉಳಿಯಲಿಲ್ಲ. "ಮೈ ಮ್ಯಾಲ ಒಂದು ಸುಟ್ಟ ಗುರುತಿರಲಿಲ್ರಿ. ಮಲಗಿದಂಗ ಇದ್ರು."

ಸುಟ್ಟ ಗುರುತು ಇರಲಿಲ್ಲ ಎಂಬ ಮಾತು ಡಾಕ್ಟರಾದ ನನಗೆ ಆಶ್ಚರ್ಯವಲ್ಲ. ಕಟ್ಟಡಗಳ ಬೆಂಕಿಯಲ್ಲಿ ಜ್ವಾಲೆಗಿಂತ ಮೊದಲು ಕೊಲ್ಲುವುದು ಹೊಗೆ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ಸತ್ತದ್ದು ಮುಖ್ಯವಾಗಿ ಉಸಿರುಗಟ್ಟಿ. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಜನ ತೀರಿಕೊಂಡರು. ಹೊಗೆ ತಡೆಯಲಾರದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು.

ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟಿಗೆಲ್ಲ ಟವೆಲ್ ಹಾಕಿ ಕೂತವರ ಹಾಗೆ. ಆಕ್ಸಿಜನ್ ಬಂದರೂ ಜಾಗವಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಂತಿ. ಆಮೇಲೆ ಕೈಕಾಲು ಮಾತು ಕೇಳುವುದಿಲ್ಲ. ಬಾಗಿಲು ಎದುರಿಗೇ ಇದ್ದರೂ ಎದ್ದು ಹೋಗಲು ಆಗುವುದಿಲ್ಲ. ಮೊದಲೇ ರಕ್ತನಾಳ ಕಟ್ಟಿಕೊಂಡಿರುವ ಹೃದಯವಾದರೆ ಸ್ವಲ್ಪ ಪ್ರಮಾಣವೂ ಎದೆನೋವು ತರಿಸಬಲ್ಲದು.

*ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರನ್ನು ಇಲ್ಲಿ ನಂಬಬೇಡಿ.* ಆ ಪುಟ್ಟ ಯಂತ್ರಕ್ಕೆ ಆಕ್ಸಿಜನ್‌ಗೂ ಕಾರ್ಬನ್ ಮೊನಾಕ್ಸೈಡ್‌ಗೂ ವ್ಯತ್ಯಾಸ ತಿಳಿಯುವುದಿಲ್ಲ. ಮನುಷ್ಯ ಅಪಾಯದಲ್ಲಿದ್ದರೂ 98 ತೋರಿಸಬಹುದು. ಹೊಗೆಯಲ್ಲಿ ಸಿಕ್ಕಿಕೊಂಡು ಹೊರಬಂದವರು "ನನಗೇನೂ ಆಗಿಲ್ಲ" ಎಂದರೂ ಆಸ್ಪತ್ರೆಗೆ ಹೋಗಲೇಬೇಕು. ಹೊಗೆ ಕುಡಿದಿದ್ದಾರೆ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ರಕ್ತಪರೀಕ್ಷೆ, ಇಸಿಜಿ, ಮಾಸ್ಕ್‌ನಲ್ಲಿ ಪೂರ್ತಿ ಆಕ್ಸಿಜನ್ ಇವು ಬೇಕು. ಗಾಬರಿಯಲ್ಲಿ ಮೆಟ್ಟಿಲಿಳಿದು ಬಂದವರಿಗೆ ಎದೆ ಹಿಡಿದುಕೊಂಡರೆ ಅದನ್ನು ಗ್ಯಾಸ್ಟ್ರಿಕ್ ಎಂದು ಮನೆಯಲ್ಲಿ ಕೂರಿಸಬೇಡಿ.

ಇದೇ ವಿಷಾನಿಲ ಬೆಂಕಿ ಅನಾಹುತವಿಲ್ಲದೆಯೂ ಮನೆಗೆ ಬರುತ್ತದೆ. ಮುಂಬೈ, ಪುಣೆಯ ಕಿಟಕಿಯಿಲ್ಲದ ಬಾತ್‌ರೂಮಿನ ಗ್ಯಾಸ್ ಗೀಸರ್. ದೆಹಲಿಯ ಚಳಿಗೆ ಮುಚ್ಚಿದ ಕೋಣೆಯಲ್ಲಿಟ್ಟ ಇದ್ದಿಲ ಅಂಗೀಠಿ. ಗ್ಯಾಸ್ ಗೀಸರ್ ಇರುವವರು ಅದನ್ನು ಬಾತ್‌ರೂಮಿನ ಹೊರಗೆ, ಗಾಳಿಯಾಡುವಲ್ಲಿ ಹಾಕಿಸಿ. ಅಲ್ಲಿಯವರೆಗೆ ಬಕೆಟ್ ತುಂಬಿಸಿ, ಗೀಸರ್ ಆಫ್ ಮಾಡಿ, ಆಮೇಲೆ ಸ್ನಾನಕ್ಕೆ ಹೋಗಿ. ಮನೆಯವರಿಗೆಲ್ಲ ಒಟ್ಟಿಗೇ ತಲೆನೋವು ಶುರುವಾದರೆ ಮಾತ್ರೆ ಹುಡುಕಬೇಡಿ, ಮೊದಲು ಎಲ್ಲರೂ ಹೊರಗೆ ಬನ್ನಿ.

ಅವರ ಹೃದಯದ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಕರ್ತವ್ಯದ ಮೇಲಿರುವಾಗ ಸಾಯುವ ಅಗ್ನಿಶಾಮಕರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ನಾಲ್ವರು ಸುಟ್ಟಲ್ಲ, ಹೃದಯದ ಕಾಯಿಲೆಯಿಂದ ಸಾಯುತ್ತಾರೆ. ನಿದ್ದೆಯಲ್ಲಿರುವಾಗ ಗಂಟೆ ಬಾರಿಸುತ್ತದೆ, ಎದೆಬಡಿತ ಒಮ್ಮೆಲೇ ಜಿಗಿಯುತ್ತದೆ. ಮೈಮೇಲೆ ಇಪ್ಪತ್ತು ಕಿಲೋಗೂ ಹೆಚ್ಚು ಭಾರ. ಶಾಖಕ್ಕೆ ಬೆವರು ಹರಿದು ರಕ್ತ ಮಂದವಾಗುತ್ತದೆ, ಸುಲಭವಾಗಿ ಹೆಪ್ಪುಗಟ್ಟುತ್ತದೆ. ಇದೆಲ್ಲದರ ಮೇಲೆ ಹೊಗೆ. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಉಸಿರಾಟದ ಸೆಟ್ ಎಲ್ಲರಿಗೂ ಸಿಗುತ್ತಿರಲಿಲ್ಲವಂತೆ. ಒದ್ದೆ ಕರ್ಚೀಫು ಮೂಗಿಗೆ ಕಟ್ಟಿ ಒಳಗೆ ಹೋಗುತ್ತಿದ್ದರು. ಒದ್ದೆ ಬಟ್ಟೆ ಮಸಿ ತಡೆಯುತ್ತದೆ, ಕಾರ್ಬನ್ ಮೊನಾಕ್ಸೈಡ್ ತಡೆಯುವುದಿಲ್ಲ. ಈಗಲೂ ರಾತ್ರಿ ಎರಡಕ್ಕೋ ಮೂರಕ್ಕೋ ಎಚ್ಚರವಾಗಿ ಕೂತುಬಿಡುತ್ತಾರೆ. ಅದಕ್ಕೆ ನನ್ನ ಹತ್ತಿರ ಮಾತ್ರೆಯಿಲ್ಲ.

"ಫಿಲ್ಮಿನಾಗ ತೋರಿಸಿದಂಗ ಏನಿಲ್ರಿ," ಎನ್ನುತ್ತಾರೆ. ಪೈಪು ತೊಳೆದು ಒಣಹಾಕುವುದು, ಬಿದ್ದ ಮರ ಕಡಿಯುವುದು, ಲಿಫ್ಟಿನಲ್ಲಿ ಸಿಕ್ಕವರನ್ನು ತೆಗೆಯುವುದು, ಸಂಕ್ರಾಂತಿಯ ಗಾಳಿಪಟದ ಮಾಂಜಾಕ್ಕೆ ಸಿಕ್ಕ ಪಾರಿವಾಳ ಬಿಡಿಸುವುದು. ಆದರೆ ಏಪ್ರಿಲ್ 14 ಬಂದರೆ ಸುಮ್ಮನಾಗುತ್ತಾರೆ. 1944ರ ಆ ದಿನ ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಹಡಗಿಗೆ ಬೆಂಕಿ ಬಿತ್ತು. ಒಳಗೆ ಹತ್ತಿ ಬೇಲುಗಳು, ಜೊತೆಗೆ ಸುಮಾರು 1400 ಟನ್ ಸ್ಫೋಟಕ. ನೀರು ಹಾಯಿಸುತ್ತಿದ್ದಾಗಲೇ ಸಿಡಿಯಿತು. ಅಗ್ನಿಶಾಮಕ ದಳದ 66 ಜನ ಹೋದರು. ಅಗ್ನಿಶಾಮಕ ಸೇವಾ ದಿನ ಅಂದೇ ಇರುವುದು ಅದಕ್ಕಾಗಿ.

ಅಡುಗೆಮನೆಯ ಮಾತು ಬೇಗ ಮುಗಿಸುತ್ತೇನೆ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಬೇಡಿ. ಒಲೆ ಆರಿಸಿ, ಮುಚ್ಚಳ ಮುಚ್ಚಿ, ಬಾಣಲೆ ಎತ್ತಬೇಡಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಪೈಪ್ ಗ್ಯಾಸ್ ಹಗುರ, ಮೇಲೇರುತ್ತದೆ. ಎರಡರಲ್ಲೂ ವಾಸನೆ ಬಂದರೆ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಬನ್ನಿ. ಸಿಲಿಂಡರ್ ಸೋರಿಕೆಯಾದರೆ 1906ಕ್ಕೆ ಫೋನ್ ಮಾಡಿ. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ನಲ್ಲಿ ನೀರು, ಟೂತ್‌ಪೇಸ್ಟ್ ಅಲ್ಲ.

ಬೇರೆ ಕಡೆ ಬೆಂಕಿಯಾದರೆ ಬಾಗಿಲು ತೆರೆಯುವ ಮೊದಲು ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ. ಬಿಸಿಯಾಗಿದ್ದರೆ, ಅಥವಾ ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ಹೊರಗೆ ಓಡಬೇಡಿ. ಬಾಗಿಲ ಸಂದಿಗೆ ಒದ್ದೆ ಚಾದರ ತುರುಕಿ, ಕಿಟಕಿಗೆ ಬಂದು ಬಟ್ಟೆ ಬೀಸಿ. ದಾರಿ ಇದ್ದರೆ ಬಗ್ಗಿ ಹೋಗಿ, ಲಿಫ್ಟ್ ಬೇಡ. ಆ ದಾರಿಯಲ್ಲಿ ನಾವೇ ಇಟ್ಟ ಚಪ್ಪಲಿ ಸ್ಟ್ಯಾಂಡು, ಮಗುವಿನ ಸೈಕಲ್ಲು ಇರುತ್ತವೆ. ಸೊಸೈಟಿ ಮೀಟಿಂಗಿನಲ್ಲಿ ಪಾರ್ಕಿಂಗಿಗೆ ಎರಡು ಗಂಟೆ ಜಗಳವಾಡುವವರು ಇದಕ್ಕೆ ಎರಡು ನಿಮಿಷ ಕೊಡುವುದಿಲ್ಲ.

ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿದರು: "ನಿಮ್ಮ ಅವ್ವಾರಿಗೆ 101ಕ್ಕ ಫೋನ್ ಹಚ್ಚಿ ಪತ್ತೆ ಹೇಳಾಕ ಬರತೈತೇನ್ರಿ?" ಬರುತ್ತಿರಲಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹಗಲು ಇರುವುದು ಊರಿಂದ ಬಂದ ಅಪ್ಪ ಅಮ್ಮ. ಅವರಿಗೆ ಮರಾಠಿ, ತಮಿಳು, ತೆಲುಗು, ಹಿಂದಿ ಬಾರದು. ಕಟ್ಟಡದ ಹೆಸರೂ ಸರಿಯಾಗಿ ಗೊತ್ತಿರುವುದಿಲ್ಲ.

ಆ ಭಾನುವಾರ ಚಾವಿ ಸಿಕ್ಕಿತು, ಹಳೆಯ ಬ್ಯಾಟರಿಗಳ ಡಬ್ಬಿಯಲ್ಲಿ. ಬೀಗ ಮಾತ್ರ ತುಕ್ಕು ಹಿಡಿದು ತೆರೆಯಲಿಲ್ಲ. ಒಡೆಸಿ ಹೊಸದು ಹಾಕಿದೆವು. ಚಾವಿ ಈಗ ಮಕ್ಕಳ ಕೈಗೆ ಎಟುಕದ ಮೊಳೆಯಲ್ಲಿ, ಕಿಟಕಿಯ ಪಕ್ಕದಲ್ಲೇ. ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ: 101, 112, ಬೆಂಕಿ ಬಿದ್ದಿದೆ ಎಂಬ ಹಿಂದಿ ಮಾತು, ಬಿಲ್ಡಿಂಗ್, ವಿಂಗ್, ಮಹಡಿ, ಹತ್ತಿರದ ಗುರುತು, ಎಲ್ಲ ಕನ್ನಡ ಅಕ್ಷರದಲ್ಲಿ, ದೊಡ್ಡದಾಗಿ. ಅಮ್ಮ ದಿನಾ ಸಂಜೆ ಮೊಮ್ಮಗಳ ಮುಂದೆ ಒಪ್ಪಿಸುತ್ತಾರೆ. ಮಹಡಿಯ ಸಂಖ್ಯೆ ಮಾತ್ರ ಇನ್ನೂ ತಪ್ಪುತ್ತದೆ, ಮೊಮ್ಮಗಳು ಬಿಡುವುದಿಲ್ಲ.

ಮುಂದಿನ ವಾರ ಬಿಪಿ ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಳ್ಳಬೇಕೋ ರಾತ್ರಿಯೋ ಎಂದು ಬಹಳ ಜನ ಕೇಳಿದ್ದೀರಿ, ಅದನ್ನು ಬರೆಯುತ್ತೇನೆ.