ಪಂಚಾಯಿತಿಯ ಪೀಠದಲ್ಲಿ ಸ್ತ್ರೀ

ಸ್ತ್ರೀಯರು ನಾಯಕತ್ವವನ್ನು ವಹಿಸಿದಾಗ ಅವರ ಆಡಳಿತದ ರೀತಿ ಪುರುಷರದಕ್ಕಿಂತ ಭಿನ್ನವಾಗುವುದೆ, ಭಿನ್ನವಾದರೆ ಅದು ಹುಟ್ಟಿನಿಂದ ಬಂದ ಸ್ವಭಾವವೊ ಬಾಳಿನಿಂದ ಬಂದ ಅನುಭವವೊ ಎಂಬ ಪ್ರಶ್ನೆಗೆ ಪ್ರಮಾಣಸಹಿತವಾದ ಉತ್ತರವನ್ನಿತ್ತ ಕೀರ್ತಿ ಭಾರತದ ಹಳ್ಳಿಗಳಿಗೆ ಸಲ್ಲತಕ್ಕದ್ದು. 1993ರಲ್ಲಿ ಜಾರಿಗೆ ಬಂದ 73ನೆಯ ಸಂವಿಧಾನ ತಿದ್ದುಪಡಿಯು ಪಂಚಾಯಿತಿಯ ಸ್ಥಾನಗಳಲ್ಲಿಯೂ ಅಧ್ಯಕ್ಷ ಪದವಿಗಳಲ್ಲಿಯೂ ಮೂರನೆಯ ಒಂದು ಭಾಗಕ್ಕೆ ಕಡಮೆಯಿಲ್ಲದಂತೆ ಮಹಿಳೆಯರಿಗೆ ಮೀಸಲಿಟ್ಟಿತು. ಯಾವ ಊರಿನ ಪೀಠ ಸ್ತ್ರೀಯರ ಪಾಲಿಗೆ ಬರಬೇಕೆಂಬುದನ್ನು ಊರವರ ಇಚ್ಛೆಗೆ ಬಿಡದೆ ಸರದಿಯ ನಿಯಮವೇ ನಿರ್ಣಯಿಸಿದುದರಿಂದ, ಮೀಸಲಾದ ಊರನ್ನೂ ಆಗದ ಊರನ್ನೂ ನ್ಯಾಯವಾಗಿ ಹೋಲಿಸುವುದು ಸಾಧ್ಯವಾಯಿತು.

ಹಾಗೆ ಹೋಲಿಸಿ ನೋಡಿದವರು ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಮುಂದೆ 2019ರಲ್ಲಿ ನೊಬೆಲ್ ಪ್ರಶಸ್ತಿಗೆ ಭಾಜನರಾದ ಎಸ್ತರ್ ಡುಫ್ಲೊ. ಪಶ್ಚಿಮ ಬಂಗಾಳದ ಬೀರಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳ 265 ಪಂಚಾಯಿತಿಗಳನ್ನು ಕುರಿತು ಅವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸ್ತ್ರೀಯರು ಅಧ್ಯಕ್ಷರಾದ ಕಡೆ ಎರಡೂ ಜಿಲ್ಲೆಗಳಲ್ಲಿ ಕುಡಿಯುವ ನೀರಿಗೆ ಹೆಚ್ಚಿನ ಹಣ ಹರಿಯಿತು. ಕೊಡ ಹೊತ್ತು ದೂರ ನಡೆದವಳಿಗೆ ಬಾವಿ ಬತ್ತಿದ ಸಂಗತಿಯನ್ನು ಯಾವ ಅಧಿಕಾರಿಯೂ ಬಂದು ವರದಿ ಮಾಡಬೇಕಾಗಿಲ್ಲವಷ್ಟೆ! ಆದರೆ ರಸ್ತೆಯ ವಿಷಯದಲ್ಲಿ ಎರಡು ಜಿಲ್ಲೆಗಳೂ ಬೇರೆ ಬೇರೆ ದಾರಿ ಹಿಡಿದವು. ಬೀರಭೂಮಿನ ಹೆಂಗಸರು ರಸ್ತೆ ಬೇಕೆಂದು ಗಂಡಸರಿಗಿಂತ ಹೆಚ್ಚಾಗಿ ಕೇಳುತ್ತಿದ್ದರು, ಅಲ್ಲಿಯ ಅಧ್ಯಕ್ಷೆಯರು ರಸ್ತೆಗೂ ಹೆಚ್ಚು ಖರ್ಚುಮಾಡಿದರು. ಉದಯಪುರದಲ್ಲಿ ರಸ್ತೆಯ ಬೇಡಿಕೆ ಗಂಡಸರದೇ ಹೆಚ್ಚಾಗಿದ್ದು, ಅಲ್ಲಿಯ ಅಧ್ಯಕ್ಷೆಯರು ಅದಕ್ಕೆ ಕಡಮೆ ಖರ್ಚುಮಾಡಿದರು. ಸ್ತ್ರೀಸ್ವಭಾವವೆಂಬ ಏಕರೂಪದ ವಸ್ತುವೊಂದು ಆಡಳಿತವನ್ನು ನಡೆಸುತ್ತಿದ್ದಿದ್ದರೆ ಈ ಭೇದ ಹೇಗೆ ಉಂಟಾಗುತ್ತಿತ್ತು? ಅಲ್ಲಿ ಆಳಿದುದು ಅನುಭವಿಸಿದ ಕಷ್ಟವೇ ಹೊರತು ಕೋಮಲತೆಯಲ್ಲ.

ಈ ಅರಿವು ಹೆಣ್ಣಿಗೇ ಮೀಸಲಾದುದಲ್ಲವೆಂಬುದಕ್ಕೆ ನಮ್ಮ ಕರ್ನಾಟಕದಲ್ಲಿಯೇ ಸಾಕ್ಷಿಯುಂಟು. ಊರೂರಿಗೆ ಕೊಳವೆಬಾವಿ ತೆಗೆಸಿ 'ನೀರ್ ಸಾಬ್' ಎಂದು ಜನರಿಂದ ಕರೆಸಿಕೊಂಡ ಸಚಿವ ಅಬ್ದುಲ್ ನಜೀರ್ ಸಾಬರು ಪುರುಷರೇ. ಮಂಡಲ ಪಂಚಾಯಿತಿಗಳಲ್ಲಿ ಶೇಕಡ 25 ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟ 1983ರ ಶಾಸನದ ಹಿಂದೆ ಇದ್ದವರೂ ಅವರೇ. ಪರರ ದಾಹವನ್ನು ತನ್ನದೆಂದು ಅರಿಯುವ ಶಕ್ತಿ ಯಾರಿಗೂ ನಿಷಿದ್ಧವಲ್ಲ.

ಸ್ತ್ರೀಗೆ ಎದುರಾಗುವ ನಿಜವಾದ ತೊಡಕು ಕೇಳುವವರ ಕಿವಿಯಲ್ಲಿದೆ. ದೃಢವಾಗಿ ನುಡಿದರೆ ಗರ್ವಿಷ್ಠೆ, ಮೃದುವಾಗಿ ನುಡಿದರೆ ಅಸಮರ್ಥೆ! ಬಂಗಾಳದಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಒಂದೇ ಭಾಷಣವನ್ನು ಗಂಡುದನಿಯಲ್ಲಿಯೂ ಹೆಣ್ಣುದನಿಯಲ್ಲಿಯೂ ಧ್ವನಿಮುದ್ರಿಸಿ ಕೇಳಿಸಿದಾಗ, ಅಧ್ಯಕ್ಷೆಯ ಆಡಳಿತವನ್ನು ಎಂದೂ ಕಾಣದ ಊರಿನ ಗಂಡಸರು ಹೆಣ್ಣುದನಿಗೆ ಕಡಮೆ ಬೆಲೆ ಕಟ್ಟಿದರು. ಕಂಡಿದ್ದ ಊರುಗಳಲ್ಲಿ ಆ ತಾರತಮ್ಯ ಅಳಿದುಹೋಗಿತ್ತು. ಎರಡು ಅವಧಿ ಸತತವಾಗಿ ಮೀಸಲಾಗಿದ್ದ ಕಡೆಗಳಲ್ಲಿ ಸ್ತ್ರೀಯರು ಮೀಸಲಿಲ್ಲದ ಸ್ಥಾನಗಳಲ್ಲಿಯೂ ನಿಂತು ಗೆಲ್ಲುವುದು ಹೆಚ್ಚಿತು. ಕರ್ನಾಟಕವು 2010ರಲ್ಲಿ ಈ ಮೀಸಲನ್ನು ಅರ್ಧಕ್ಕೇರಿಸಿದುದು ಸ್ತುತ್ಯವಾದ ಕಾರ್ಯವೆ. ಆದರೆ ಅಧ್ಯಕ್ಷೆಯೊಬ್ಬಳು ಕಡತಗಳ ಮರ್ಮವನ್ನೂ ಗುತ್ತಿಗೆದಾರರ ಯುಕ್ತಿಯನ್ನೂ ಅರಿಯುವಷ್ಟರಲ್ಲಿ ಸರದಿ ತಿರುಗಿ ಅವಳ ಪದವಿ ಬೇರೊಂದು ವರ್ಗಕ್ಕೆ ಸೇರಿಬಿಡುವ ಪದ್ಧತಿಯನ್ನು, ಒಂದೇ ಮೀಸಲು ಕನಿಷ್ಠಪಕ್ಷ ಎರಡು ಅವಧಿ ನಿಲ್ಲುವಂತೆ ತಿದ್ದಬೇಕೆಂದು ನಾನು ದೃಢವಾಗಿ ನಂಬುತ್ತೇನೆ.