ಸ್ವಿಚ್ ಆರಿಸಿದರೆ ಕರೆಂಟು ಹೋಯಿತೇ?

ಒಂದೇ ಒಂದು ಬಲ್ಬು ಹಾಕಿಕೊಡಲು ಎಲೆಕ್ಟ್ರಿಷಿಯನ್ ಬರುವುದಿಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. “ನಾಳೆ ಬರ್ತೀನಮ್ಮ” ಎಂದಿರುತ್ತಾರೆ, ಅಷ್ಟರಲ್ಲಿ ಯಾವುದೋ ಹೊಸ ಮನೆಯ ವೈರಿಂಗ್ ಸಿಕ್ಕಿರುತ್ತದೆ. ದೇವರ ಕೋಣೆಯ ಹ್ಯಾಲೋಜನ್ ಹಾಗೇ ಉಳಿಯುತ್ತದೆ. ನಾನು ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿನ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ಹಾಗಾಗಿ “ಮೇಡಂ, ಸ್ವಲ್ಪ ಬಂದು ನೋಡಿ” ಎಂದು ಅಕ್ಕಪಕ್ಕದ ಹೆಂಗಸರು ಕರೆಯುತ್ತಾರೆ. ಹೋಗುತ್ತೇನೆ. ಆದರೆ ಸ್ಟೂಲು ಹತ್ತಬೇಕಾದವರು ನೀವೇ ಎಂದು ಮೊದಲೇ ಹೇಳುತ್ತೇನೆ. ಇಷ್ಟು ಕೆಲಸ ಮನೆಯವರಿಗೆ ಬರಲೇಬೇಕು ಎಂಬುದು ನನ್ನ ಹಟ. ಕಾನೂನಿನ ಅಡ್ಡಿಯೂ ಇದಕ್ಕಿಲ್ಲ. ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರೇ ಮಾಡಬೇಕು ಎನ್ನುವ ವಿದ್ಯುತ್ ಸುರಕ್ಷತಾ ನಿಯಮವು, ಹಳೆಯದರಷ್ಟೇ ಸಾಮರ್ಥ್ಯದ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಫಿಟ್ಟಿಂಗ್‌ಗಳನ್ನು ಬದಲಿಸುವುದಕ್ಕೆ ವಿನಾಯಿತಿ ಕೊಟ್ಟಿದೆ.

ಇದರಲ್ಲಿ ಕೈಚಳಕ ಬೇಕಾಗುವುದು ಬಹಳ ಕಡಿಮೆ. ಕರೆಂಟು ನಿಜವಾಗಿ ನಿಂತಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದೇ ಮುಕ್ಕಾಲು ಕೆಲಸ.

ಗೋಡೆಯ ಸ್ವಿಚ್ಚು ಕಡಿದುಹಾಕುವುದು ಒಂದು ತಂತಿಯನ್ನು ಮಾತ್ರ. ಅದು ಫೇಸ್ ಆಗಿರಬೇಕು. ಅವಸರದ ರಿಪೇರಿ ಆದ ಹಳೆಯ ಮನೆಗಳಲ್ಲಿ ನ್ಯೂಟ್ರಲ್ ತಂತಿ ಸ್ವಿಚ್ಚಿಗೆ ಹೋಗಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಅಂಥಲ್ಲಿ ಸ್ವಿಚ್ ಆರಿಸಿದರೆ ದೀಪ ಆರುತ್ತದೆ, ಹೋಲ್ಡರಿನಲ್ಲಿ 230 ವೋಲ್ಟ್ ಹಾಗೆಯೇ ಇರುತ್ತದೆ. ಮೆಟ್ಟಿಲಿನ ಟೂ-ವೇ ಸ್ವಿಚ್ಚಾದರೆ ಮಹಡಿಯಲ್ಲಿರುವ ಮಗು ಬಂದು ಒತ್ತಿದರೂ ಸಾಕು. ಆದ್ದರಿಂದ ಆ ದೀಪದ ಎಂಸಿಬಿಯನ್ನು ಇಳಿಸಬೇಕು. ಯಾವುದು ಯಾವ ಕೋಣೆಯದೆಂದು ಬರೆದಿರದಿದ್ದರೆ ಮೇನ್ ಸ್ವಿಚ್ಚನ್ನೇ ಇಳಿಸಿ.

ಅಲ್ಲಿಗೂ ಮುಗಿಯಲಿಲ್ಲ. ಲೋಡ್ ಶೆಡ್ಡಿಂಗ್ ನೋಡಿ ಬೆಳೆದ ನಮ್ಮ ಮನೆಗಳಲ್ಲಿ ಯುಪಿಎಸ್ ಇದೆ, ಹೆಚ್ಚಿನ ಕಡೆ ದೀಪಗಳೆಲ್ಲ ಅದರ ಲೈನಿನಲ್ಲೇ ಇವೆ. ನೀವು ಮೇನ್ ಇಳಿಸಿದ ಕ್ಷಣ ಆ ಯಂತ್ರಕ್ಕೆ ಕರೆಂಟು ಹೋಯಿತೆಂದೇ ಲೆಕ್ಕ. ಕಣ್ಣು ಮಿಟುಕಿಸುವಷ್ಟರಲ್ಲಿ ಬ್ಯಾಟರಿಯಿಂದ ಅದೇ 230 ವೋಲ್ಟನ್ನು ಅದೇ ತಂತಿಗೆ ಹರಿಸುತ್ತದೆ. ಯುಪಿಎಸ್ ಒಂದನ್ನೇ ಆಫ್ ಮಾಡಿದರೂ ಆಗದು, ಮೇನ್ ಕರೆಂಟು ಅದರ ಮೂಲಕ ದಾಟಿ ಬರುತ್ತದೆ. ಎರಡೂ ಆರಬೇಕು. ಈ ಒಂದು ಮಾತನ್ನು ಪ್ರತಿ ಮನೆಯಲ್ಲೂ ಹೇಳುತ್ತೇನೆ, ಎಂಸಿಬಿಗಳಿರುವ ಡಿಬಿ ಬಾಕ್ಸಿನ ಮುಚ್ಚಳದ ಒಳಗೆ “ಯುಪಿಎಸ್ ಕೂಡ” ಎಂದು ಚೀಟಿ ಬರೆದು ಅಂಟಿಸಿ ಬರುತ್ತೇನೆ.

ಆಮೇಲೆ ಟೆಸ್ಟರ್. ಅದನ್ನು ಮೊದಲು ಕರೆಂಟಿದೆ ಎಂದು ಗೊತ್ತಿರುವ ಒಂದು ಸಾಕೆಟ್ಟಿನಲ್ಲಿ ಹಿಡಿದು ಉರಿಯುತ್ತದೆಯೇ ನೋಡಿ. ಬಳಿಕ ಮೇನ್, ಯುಪಿಎಸ್ ಎರಡನ್ನೂ ಆರಿಸಿ ಹೋಲ್ಡರಿನ ಎರಡೂ ಸಂಪರ್ಕಕ್ಕೆ ಮುಟ್ಟಿಸಿ. ಕೆಲಸ ಮುಗಿಸಿ ಕರೆಂಟು ಬಂದ ಮೇಲೆ ಮತ್ತೆ ಆ ಸಾಕೆಟ್ಟಿನಲ್ಲಿ ನೋಡಿ. ಕೆಟ್ಟ ಟೆಸ್ಟರೂ ಉರಿಯುವುದಿಲ್ಲ, ಕರೆಂಟಿಲ್ಲದ ತಂತಿಯಲ್ಲೂ ಉರಿಯುವುದಿಲ್ಲ. ವ್ಯತ್ಯಾಸ ತಿಳಿಯುವುದು ಹೀಗೆ ಮಾತ್ರ. ನಿಲ್ಲಲು ಪ್ಲಾಸ್ಟಿಕ್ ಕುರ್ಚಿ ಬೇಡ. ಏಣಿ, ಇಲ್ಲವೇ ಗಟ್ಟಿ ಸ್ಟೂಲು, ಹಿಡಿದುಕೊಳ್ಳಲು ಇನ್ನೊಬ್ಬರು.

ಈಗ ಬಲ್ಬಿಗೆ ಬರೋಣ. ಸಾಮಾನ್ಯ ಬುರುಡೆ ಬಲ್ಬಿನಲ್ಲಿ ಕಾದ ಟಂಗ್‌ಸ್ಟನ್ ತಂತಿ ನಿಧಾನವಾಗಿ ಆವಿಯಾಗಿ ಗಾಜಿಗೆ ಕಪ್ಪಾಗಿ ಅಂಟಿಕೊಳ್ಳುತ್ತದೆ. ಹ್ಯಾಲೋಜನ್‌ನೊಳಗೆ ಸ್ವಲ್ಪ ಅಯೋಡಿನ್ ಅಥವಾ ಬ್ರೋಮಿನ್ ಇರುವುದರಿಂದ ಆ ಲೋಹ ಗಾಜಿಗೆ ಅಂಟದೆ ತಿರುಗಿ ತಂತಿಗೇ ಸೇರುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಲ್ಮರ್ ಫ್ರಿಡ್ರಿಕ್ ಮತ್ತು ಎಮೆಟ್ ವೈಲಿ ಇದಕ್ಕೆ 1959ರಲ್ಲಿ ಪೇಟೆಂಟ್ ಪಡೆದರು. ಈ ಚಕ್ರ ನಡೆಯಬೇಕಾದರೆ ಬಲ್ಬಿನ ಗೋಡೆ ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದಿರಬೇಕು. ಅದಕ್ಕೇ ಗಾಜಿನ ಬದಲು ಕ್ವಾರ್ಟ್ಜ್, ಅದಕ್ಕೇ ಬಲ್ಬು ಅಷ್ಟು ಪುಟ್ಟದು. ಆರಿಸಿದ ಕೂಡಲೇ ಮುಟ್ಟಿದರೆ ಬೆರಳು ಸುಡುತ್ತದೆ. ಚೆನ್ನಾಗಿ ತಣಿಯಲು ಬಿಡಿ. ಹೊಸ ಬಲ್ಬಿನ ಕ್ವಾರ್ಟ್ಜನ್ನು ಬರಿಗೈಯಲ್ಲಿ ಹಿಡಿಯಲೂಬೇಡಿ. ಬೆರಳಿನ ಎಣ್ಣೆ, ಬೆವರಿನ ಉಪ್ಪು ತಗುಲಿದ ಜಾಗದಲ್ಲಿ ಆ ಬಿಸಿಗೆ ಕ್ವಾರ್ಟ್ಜ್ ಬೆಳ್ಳಗಾಗಿ ಸೀಳುತ್ತದೆ, ಕೆಲವೊಮ್ಮೆ ಒಡೆಯುತ್ತದೆ. ಶುಭ್ರವಾದ ಬಟ್ಟೆಯಲ್ಲಿ ಹಿಡಿಯಿರಿ, ಮುಟ್ಟಿಹೋದರೆ ಸ್ಪಿರಿಟ್ ಹಾಕಿ ಒರೆಸಿ ಒಣಗಿಸಿ. ಮುಂದೆ ಗಾಜು ಮುಚ್ಚಿರುವ ಕಪ್ಪಿನಾಕಾರದ ಬಲ್ಬಿಗೆ ಈ ಭಯವಿಲ್ಲ.

ಹೊಸ ಬಲ್ಬು ಹಾಕಿದರೂ ಎರಡು ವಾರಕ್ಕೇ ಹೋಗುತ್ತದೆ ಎಂಬ ದೂರು ನನಗೆ ಬಹಳ ಬರುತ್ತದೆ. ನಾನು ನೋಡುವುದು ಮೊದಲು ಹೋಲ್ಡರನ್ನು. ಫಾಲ್ಸ್ ಸೀಲಿಂಗಿನ ಎರಡು ತೆಳು ಪಿನ್ನಿನ ಹ್ಯಾಲೋಜನ್‌ಗಳು 12 ವೋಲ್ಟಿನವು, ಮೇಲೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಕೂತಿರುತ್ತದೆ. 50 ವ್ಯಾಟಿನ ಬಲ್ಬು 230 ವೋಲ್ಟಿನಲ್ಲಿ ಎಳೆಯುವುದು ಆಂಪಿಯರಿನ ಕಾಲು ಭಾಗಕ್ಕೂ ಕಡಿಮೆ. 12 ವೋಲ್ಟಿನಲ್ಲಿ ಅದೇ 50 ವ್ಯಾಟಿಗೆ ನಾಲ್ಕು ಆಂಪಿಯರಿಗೂ ಹೆಚ್ಚು. ಅಷ್ಟು ಕರೆಂಟು ಸಡಿಲ ಪಿನ್ನಿನ ಮೂಲಕ ಹೋದರೆ ಅಲ್ಲೇ ಕಾಯುತ್ತದೆ, ಪಿನ್ನು ಕಪ್ಪಾಗುತ್ತದೆ, ಕಪ್ಪಾದಷ್ಟೂ ಇನ್ನೂ ಕಾಯುತ್ತದೆ. ಪಿಂಗಾಣಿ ಹೋಲ್ಡರ್ ಸುಟ್ಟು ಕಂದಿದ್ದರೆ, ಅದರ ವೈರು ಮುಟ್ಟಿದರೆ ಪುಡಿಯಾಗುತ್ತಿದ್ದರೆ, ಬಲ್ಬಿಗೆ ದುಡ್ಡು ಹಾಕಬೇಡಿ. ಶಾಖ ತಡೆಯುವ ಸಿಲಿಕೋನ್ ಅಥವಾ ಫೈಬರ್‌ಗ್ಲಾಸ್ ಕವಚದ ವೈರಿರುವ ಹೊಸ ಹೋಲ್ಡರ್ ಅಂಗಡಿಯಲ್ಲಿ ಸಿಗುತ್ತದೆ. ಜೋಡಣೆಗೆ ಪಿಂಗಾಣಿ ಕನೆಕ್ಟರ್ ಬಳಸಿ, ಇನ್ಸುಲೇಷನ್ ಟೇಪಿನ ಗೋಂದು ಆ ಬಿಸಿಗೆ ಕರಗಿ ಬಿಚ್ಚಿಕೊಳ್ಳುತ್ತದೆ. 12 ವೋಲ್ಟ್ ಎಂದು ಸಲಿಗೆಯೂ ಬೇಡ, ಆ ಟ್ರಾನ್ಸ್‌ಫಾರ್ಮರಿನ ಇನ್ನೊಂದು ಬದಿಗೆ ಬರುವುದು 230 ವೋಲ್ಟೇ. ಫಿಟ್ಟಿಂಗ್ ಲೋಹದ್ದಾದರೆ ಹಸಿರು ಅರ್ಥಿಂಗ್ ವೈರನ್ನು ಮರೆಯದೆ ಕಟ್ಟಿ.

ಹೋಲ್ಡರ್ ಚೆನ್ನಾಗಿದ್ದೂ ಬಲ್ಬು ಹತ್ತದಿದ್ದರೆ ಪಕ್ಕದ ಫಿಟ್ಟಿಂಗಿನಲ್ಲಿ ಉರಿಯುವ ಅದೇ ಬಗೆಯ ಬಲ್ಬನ್ನು ತಂದು ಹಾಕಿ ನೋಡಿ. ಅದೂ ಹತ್ತದಿದ್ದರೆ ತಪ್ಪು ಟ್ರಾನ್ಸ್‌ಫಾರ್ಮರಿನದೋ ಲೈನಿನದೋ ಇರಬೇಕು. ನೇರ 230 ವೋಲ್ಟಿನ ಬಲ್ಬುಗಳು ಬೇಗ ಹೋಗಲು ಇನ್ನೊಂದು ಕಾರಣವಿದೆ. ಬಲ್ಬಿನ ಮೇಲೆ ಬರೆದಿರುವುದಕ್ಕಿಂತ ವೋಲ್ಟೇಜು ಶೇಕಡಾ 5ರಷ್ಟು ಏರಿದರೆ ತಂತಿಯ ಆಯುಷ್ಯ ಹತ್ತಿರ ಹತ್ತಿರ ಅರ್ಧವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಸುಟ್ಟ ಹ್ಯಾಲೋಜನ್ ಜಾಗಕ್ಕೆ ಮತ್ತೆ ಹ್ಯಾಲೋಜನ್ ಹಾಕಿ ಎಂದು ನಾನು ಹೇಳುವುದಿಲ್ಲ. 50 ವ್ಯಾಟಿನ ಆರು ಬಲ್ಬು ದಿನಕ್ಕೆ ನಾಲ್ಕು ಗಂಟೆ ಉರಿದರೆ ತಿಂಗಳಿಗೆ 36 ಯೂನಿಟ್. 5 ವ್ಯಾಟಿನ ಎಲ್‌ಇಡಿ ಹಾಕಿದರೆ ಮೂರೂವರೆ ಯೂನಿಟ್ ಚಿಲ್ಲರೆ. ಆದರೆ 12 ವೋಲ್ಟಿನ ಫಿಟ್ಟಿಂಗಿನಲ್ಲಿ ಬಲ್ಬನ್ನಷ್ಟೇ ಬದಲಿಸಿದರೆ ಹಲವು ಕಡೆ ಎಲ್‌ಇಡಿ ಮಿಣುಕುತ್ತದೆ, ಇಲ್ಲವೇ ಹತ್ತುವುದೇ ಇಲ್ಲ. ಹಳೆಯ ಟ್ರಾನ್ಸ್‌ಫಾರ್ಮರಿನ ಮೈಮೇಲೆ 20–60 ವ್ಯಾಟ್ ಎಂದು ಬರೆದಿರುತ್ತದೆ. ಕನಿಷ್ಠ 20 ವ್ಯಾಟ್ ಹೊರೆ ಇಲ್ಲದೆ ಅದು ಸರಿಯಾಗಿ ಕೆಲಸ ಮಾಡದು. ಅದನ್ನು ತೆಗೆದು ಎಲ್‌ಇಡಿ ಡ್ರೈವರ್ ಹಾಕಿ, ಅಥವಾ ಸೀಲಿಂಗಿನ ತೂತಿನ ಅಳತೆ ತೆಗೆದುಕೊಂಡು ಹೋಗಿ ಡ್ರೈವರ್ ಸಮೇತ ಪೂರಾ ಎಲ್‌ಇಡಿ ಫಿಟ್ಟಿಂಗ್ ತನ್ನಿ. ನಾನು ಎರಡನೆಯದನ್ನೇ ಮಾಡಿಸುತ್ತೇನೆ, ಸುಟ್ಟ ಹೋಲ್ಡರಿನ ಕಾಟವೂ ತಪ್ಪುತ್ತದೆ.

ಸೀಲಿಂಗಿನೊಳಗೆ ಇಲಿ ಕಡಿದ ವೈರು ಕಂಡರೆ, ಮಳೆನೀರು ಇಳಿದಿದ್ದರೆ, ಎಂಸಿಬಿ ಮತ್ತೆ ಮತ್ತೆ ಬೀಳುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ, ಪರ್ಮಿಟ್ ಇರುವ ವೈರ್‌ಮನ್‌ಗೆ ಕಾಯಿರಿ. ಸುಟ್ಟ ಹ್ಯಾಲೋಜನ್‌ನಲ್ಲಿ ಸಿಎಫ್‌ಎಲ್‌ನಂತೆ ಪಾದರಸವಿಲ್ಲ. ಕಸ ಎತ್ತುವವರ ಕೈ ಕೊಯ್ಯದಂತೆ ಪೇಪರಿನಲ್ಲಿ ದಪ್ಪಗೆ ಸುತ್ತಿ, ಮೇಲೆ “ಗಾಜು” ಎಂದು ಬರೆದು ಕೊಡಿ.

ಹ್ಯಾಲೋಜನ್ನನ್ನೇ ಹಾಕಬೇಕಾದ ಒಂದು ಜಾಗ ಮನೆಯಲ್ಲಿ ಉಳಿದಿದೆ. ಕೇಕು ಬೇಯಿಸುವ ಓವನ್ನಿನ ಒಳಗಿನ ದೀಪ ಅದು. ಅಲ್ಲಿನ ಶಾಖಕ್ಕೆ ಎಲ್‌ಇಡಿ ಬದುಕುವುದಿಲ್ಲ. 300 ಡಿಗ್ರಿ ಎಂದು ಬರೆದಿರುವ ಓವನ್ ಬಲ್ಬನ್ನೇ ಕೇಳಿ ತನ್ನಿ, ಪ್ಲಗ್ಗನ್ನು ಸಾಕೆಟ್ಟಿನಿಂದ ಪೂರ್ತಿ ಕಿತ್ತು, ಒಳಗೆಲ್ಲ ತಣಿದ ಮೇಲೆ ಬದಲಿಸಿ.