ಸಿಹಿನೀರಿನ ಲೋಳೆ ಮೀನು

ಹಡಗಲಿ ತಾಲ್ಲೂಕಿನ ಮಾಗಳದಲ್ಲಿ, ತುಂಗಭದ್ರೆಯ ದಡದಲ್ಲಿ ನಿಂತು ಲೋಳೆ ಮೀನಿನ ಮಾತೆತ್ತಿದರೆ, ಅದು ಕಾರವಾರದ ಕಡಲಿನದಲ್ಲವೇ ಎಂದು ನೀವು ನಗಬಹುದು. ತುಸು ತಾಳಿ. ಈ ಹೊಳೆ ಹೋಗಿ ಸೇರುವ ಕೃಷ್ಣೆಯ ಮೇಲ್ಕಣಿವೆಯಲ್ಲಿ, ಸಾತಾರಾ ಜಿಲ್ಲೆಯ ತೊರೆಗಳಲ್ಲಿ, ಸಿಹಿನೀರಿನ ಲೋಳೆ ಮೀನೊಂದಿದೆ. 1911ರಲ್ಲಿ ಪ್ರಾಣಿಶಾಸ್ತ್ರಜ್ಞ ನೆಲ್ಸನ್ ಅನ್ನಾಂಡೇಲ್ ಅದಕ್ಕೆ ಲಿಮ್ನೊಕ್ನಿಡ ಇಂಡಿಕ ಎಂದು ಹೆಸರಿಟ್ಟರು. ಹೆಸರಿಗಷ್ಟೇ ಮೀನು, ಮೂಳೆ, ಮಿದುಳು, ಹೃದಯ ಒಂದೂ ಇಲ್ಲ.

ಉಗುರಗಲದ ಗಾಜಿನಂಥ ಈ ಕೊಡೆ ಮುದುಡಿ ಅರಳುತ್ತ ಈಜುತ್ತದೆ. ಅಂಚಿನ ಎಳೆಗಳಲ್ಲಿರುವ ಕುಟುಕುಕಣಗಳಿಂದ ಸಣ್ಣ ನೀರುಜೀವಿಗಳನ್ನು ಹಿಡಿದು ತಿನ್ನುತ್ತದೆ. ಬೇಸಗೆಯಲ್ಲಿ ಹರಿವು ತಗ್ಗಿದ ಮಡುಗಳಲ್ಲಿ ಕಾಣಿಸಿಕೊಂಡು, ಮುಂಗಾರಿನ ನೆರೆ ಬಂದೊಡನೆ ಮಾಯವಾಗುತ್ತದೆ. ಹಾಗಾದರೆ ಮರುವರ್ಷ ಬರುವುದೆಲ್ಲಿಂದ?

ಅದಕ್ಕೆ ಇನ್ನೊಂದು ಬಾಳುಂಟು. ಕರಾವಳಿಯ ಅನೇಕ ಪುಟ್ಟ ಲೋಳೆ ಮೀನುಗಳಂತೆ ಇದರ ಬಳಗಕ್ಕೂ ಪಾಲಿಪ್ ಎಂಬ ಅವಸ್ಥೆ ಇದೆ. ಮಿಲಿಮೀಟರಿನಷ್ಟು ಗಾತ್ರ, ತಳದ ಕಲ್ಲಿಗೆ ಅಂಟಿಕೊಂಡ ಬದುಕು, ನೋಡಿದವರೇ ಕಡಿಮೆ! ನೀರು ಬೆಚ್ಚಗಾದಾಗ ಅದರ ಮೈಯಲ್ಲಿ ಮೊಗ್ಗು ಮೂಡಿ, ಮರಿಕೊಡೆಗಳು ಕಳಚಿಕೊಂಡು ತೇಲುತ್ತವೆ. ಹೊಳೆಯ ತಳವನ್ನು ಬಗೆದು ಕಲ್ಲು ಮರಳನ್ನು ಲಾರಿಗೆ ತುಂಬಿದರೆ ಈ ಕೊಡೆಯ ತವರೇ ಹೋದಂತೆ. ಬೇಸಗೆಯಲ್ಲಿ ಹೊಳೆಗಿಳಿದಾಗ ನಿಂತ ಮಡುವಿನ ನೀರನ್ನು ಗಾಜಿನ ಲೋಟದಲ್ಲಿ ತುಂಬಿ, ಬೆಳಕಿಗೆ ಹಿಡಿದು ನೋಡಿ.